ಮೂರನೇ ಸರ್ವರಿನ ಪಿಸುಮಾತುಗಳು

ಬಹಳ ಹಿಂದೆಯೇನೂ ಅಲ್ಲ, ಹೋದ ಯುಗಾದಿಯ ಬೇವುಬೆಲ್ಲ ಇನ್ನೂ ನಾಲಿಗೆಯ ಮೇಲಿದ್ದಾಗ, ಒಂದು ಊರಿತ್ತಂತೆ. ಆ ಊರಿನ ಜನ ಹುಟ್ಟಿದ ಕೂಡಲೇ ಕೆಲಸಕ್ಕೆ ಹೋಗುತ್ತಿದ್ದರಂತೆ, ಕೆಲಸ ಮುಗಿದ ಕೂಡಲೇ ಸತ್ತುಹೋಗುತ್ತಿದ್ದರಂತೆ. ಸತ್ತವನ ಜಾಗದಲ್ಲಿ ಅದೇ ಮುಖದ, ಅದೇ ಅಂಗಿಯ ಇನ್ನೊಬ್ಬ ಎದ್ದು ನಿಲ್ಲುತ್ತಿದ್ದ. ಯಾರೂ ಅಳುತ್ತಿರಲಿಲ್ಲ. ಆದರೆ ಸತ್ತವನು ಕಂಡದ್ದು, ಕೇಳಿದ್ದು, ಮಾಡಿದ್ದು ಎಲ್ಲವೂ ಅವನ ಜೊತೆಗೇ ಮಣ್ಣಾಗುತ್ತಿತ್ತು. ನಿನ್ನೆ ಏನಾಯಿತು ಎಂದು ಹೇಳುವವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ.

“ಮುಂದ್ಕೆ?” ಎಂದಳು ಅಜ್ಜಿ ಚಾಮುಂಡಮ್ಮ, ದಂಟಿನ ಸೊಪ್ಪು ಬಿಡಿಸುತ್ತಾ.

“ಮುಂದೇನಿಲ್ಲ ಅಜ್ಜಿ. ಅದೇ ನಮ್ಮ ಆಫೀಸು. ಆ ಜನಕ್ಕೆ ಕಂಟೇನರ್ ಅಂತೀವಿ, ಊರಿಗೆ ಕ್ಲಸ್ಟರ್ ಅಂತೀವಿ, ಅವರ ದಿನಚರಿಗೆ ಲಾಗ್ ಅಂತೀವಿ.”

“ಅಂಗಾದ್ರೆ ದೆವ್ವದೂರು ಕಣವ್ವ ಅದು. ಒಬ್ಳೇ ಓಗ್ಬೇಡ.”

ಸೌಮ್ಯಶ್ರೀ ನಕ್ಕಳು. ಚಿಕ್ಕಂದಿನಲ್ಲಿ ಅಶೋಕಪುರಂನ ಇದೇ ಜಗಲಿಯ ಮೇಲೆ ಅಜ್ಜಿ ಕಥೆ ಹೇಳುತ್ತಿದ್ದಳು, ಮೊಮ್ಮಗಳು ಹ್ಞೂಂಗುಟ್ಟುತ್ತಿದ್ದಳು. ಈಗ ಮೊಮ್ಮಗಳ ಸರದಿ. ಅವಳು ಅಜ್ಜಿಗೆ ಹೇಳದೆ ಉಳಿಸಿಕೊಂಡದ್ದು ಒಂದೇ ಸಂಗತಿ: ಆ ಊರಿಗೆ ಒಬ್ಬ ಕಾವಲುಗಾರನಿದ್ದ. ಅವನ ಹೆಸರು ನಿಶಾಂತ್.

ಆಫೀಸು ಇದ್ದದ್ದು ಕೃಷ್ಣಮೂರ್ತಿಪುರಂನ ಒಂದು ಹಳೇ ಮನೆಯ ಮಹಡಿಯಲ್ಲಿ. ಕೆಳಗಡೆ ವೀಣೆ ಕ್ಲಾಸು, ಮೇಲ್ಗಡೆ ಏಳು ಜನ, ಒಂದು ಸಣ್ಣ ಕೋಣೆಯಲ್ಲಿ ಮೂರು ಸರ್ವರು. ಊರಿನ ಚಿಕ್ಕಪುಟ್ಟ ಲ್ಯಾಬುಗಳಲ್ಲಿ ರಕ್ತ ಕೊಟ್ಟು ಹೋದವರ ಮೊಬೈಲಿಗೆ ರಿಪೋರ್ಟು ಮುಟ್ಟಿಸುವುದು ಅವರ ಕೆಲಸ. ರಿಪೋರ್ಟುಗಳು ಬಂದು ಕ್ಯೂ ನಿಲ್ಲುತ್ತವೆ, ಸೌಮ್ಯಶ್ರೀ ಬರೆದ ಪ್ರೋಗ್ರಾಂ ಒಂದೊಂದನ್ನೇ ಎತ್ತಿ ಕಳಿಸುತ್ತದೆ.

ನಿಶಾಂತ್ ಕೆಲಸಕ್ಕೆ ಸೇರಿದ ಮೊದಲ ದಿನವೇ ಸರ್ವರ್ ಕೋಣೆಯಿಂದ ತಲೆ ಹೊರಗೆ ಹಾಕಿ ಕೇಳಿದ್ದ, “ಈ ಮೂರನೇ ಸರ್ವರ್ ಯಾರ್ದು?”

“ನಂದು,” ಎಂದಿದ್ದಳು ಸೌಮ್ಯಶ್ರೀ, ತಲೆ ಎತ್ತದೆ.

“ನಿಮ್ದು ಅಂದ್ರೆ? ಮನೆಯಿಂದ ತಂದ್ರಾ?”

ಆಗ ತಲೆ ಎತ್ತಿದಳು. ಅವನದು ತುಂಟತನವೆಲ್ಲ ಬಲಗಣ್ಣಿನ ಮೂಲೆಯಲ್ಲೇ ಕೂತಿರುವಂಥ ಮುಖ. “ಅಲ್ಲ... ನಾನು ಟೆಸ್ಟ್ ಮಾಡೋದು ಅಲ್ಲಿ.”

“ಸರಿ ಬಿಡಿ. ಹಾಗಾದ್ರೆ ಬೇರೆ ಯಾರೂ ಕಾಲಿಡದ ಹಾಗೆ ಬೇಲಿ ಹಾಕ್ಬಿಡ್ತೀನಿ.”

ಎರಡು ಸಾಲು ಟೈಪ್ ಮಾಡಿದ, ಅಷ್ಟೇ. ಅವಳು ಹೆಸರಿಸಿ ಕರೆದುಕೊಂಡದ್ದಲ್ಲದೆ ಬೇರೆ ಯಾವ ಕಂಟೇನರೂ ಆ ಸರ್ವರಿಗೆ ಹೋಗದಂತೆ ಗುರುತು ಹಾಕಿದ. ಹುಡುಗರು ಹೂ ಕೊಡುತ್ತಾರೆ, ಚಾಕೊಲೇಟ್ ಕೊಡುತ್ತಾರೆ. ತನಗೊಬ್ಬ ಬೇಲಿ ಕೊಟ್ಟನಲ್ಲ ಎಂದು ಸೌಮ್ಯಶ್ರೀ ಆ ದಿನವೆಲ್ಲ ಒಳಗೊಳಗೇ ನಗುತ್ತಿದ್ದಳು.

ಆ ಬೇಲಿಯೊಳಗೆ ಅವಳ ಪ್ರೋಗ್ರಾಮಿನದೇ ಒಂದು ನಕಲು, ಉಳಿದವುಗಳಂತೆ ಸತ್ತು ಹುಟ್ಟದೆ, ಅವಳಾಗಿ ಅಳಿಸುವವರೆಗೆ ಓಡುತ್ತಿತ್ತು. ಎಲ್ಲ ಕೆಲಸವನ್ನೂ ಮಾಡಿದಂತೆ ಮಾಡಿ, ನಿಜಕ್ಕೂ ಯಾರಿಗೂ ಏನನ್ನೂ ಕಳಿಸದ ಟೆಸ್ಟಿನ ನಕಲು. ಒಂದು ಮಧ್ಯಾಹ್ನ ಅದರ ಲಾಗ್ ಬರೆಯುತ್ತಿದೆಯೋ ಇಲ್ಲವೋ ನೋಡಲು ಹೊರಗಿನಿಂದ ಒಂದು ಸಾಲು ತೂರಿಸಿದಳು: ‘ಹಲೋ.’ ಸಾಲು ಬಂತು. ಮರುದಿನ ಇನ್ನೊಂದು: ‘ಅವರು ಇವತ್ತು ಗಡ್ಡ ತೆಗೆದಿದ್ದಾರೆ. ಚೆನ್ನಾಗಿಲ್ಲ.’ ಅರ್ಧ ಗಂಟೆ ಬಿಟ್ಟು: ‘ಚೆನ್ನಾಗಿದೆ.’

ಅದು ಚಟವಾಯಿತು. ಹೇಗೂ ಒಂದು ದಿನ ಈ ಕಂಟೇನರನ್ನು ಅಳಿಸುತ್ತೇನೆ, ಅದರೊಂದಿಗೆ ಇದೂ ಹೋಗುತ್ತದೆ ಎಂಬ ಧೈರ್ಯ. ಬಾವಿಗೆ ಹೇಳಿದಷ್ಟೇ ಸುರಕ್ಷಿತ ಎಂದುಕೊಂಡಳು.

ಆಷಾಢದ ಒಂದು ಸೋಮವಾರ ಅಗ್ರಹಾರದ ಲ್ಯಾಬಿನ ಮರಿಸ್ವಾಮಿ ಮೆಟ್ಟಿಲು ಹತ್ತಿ ಬಂದ. ಐವತ್ತು ದಾಟಿದ ಮನುಷ್ಯ. ಲ್ಯಾಬಿನಲ್ಲಿ ರಕ್ತ ತೆಗೆಯುವವನೂ ಅವನೇ, ರಿಪೋರ್ಟು ಅಪ್‌ಲೋಡ್ ಮಾಡುವವನೂ ಅವನೇ. ಕೈಯಲ್ಲಿ ಒಂದು ಚೀಟಿ, ಚೀಟಿಯಲ್ಲಿ ಹತ್ತು ಹೆಸರು.

“ಇವ್ರ್ಯಾರ್ಗೂ ರಿಪೋರ್ಟು ಓಗಿಲ್ವಂತೆ ಕಣಮ್ಮ. ನಾನು ಒತ್ತಿದೀನಿ. ಓನರ್ರು ನಂಬ್ತಿಲ್ಲ. ‘ನಿಂಗ್ ವಯಸ್ಸಾಯ್ತು, ಮರೀತಿದೀಯ’ ಅಂತಾರೆ. ಶನಿವಾರದೊಳ್ಗೆ ರುಜುವಾತು ತೋರ್ಸು, ಇಲ್ದಿದ್ರೆ ಬೇರೆಯೋರ್ನ ನೋಡ್ಕೋತೀನಿ ಅಂದ್ಬುಟ್ರು.” ಅವನು ಬಲಗೈ ತೋರುಬೆರಳನ್ನು ಎತ್ತಿ ಹಿಡಿದ, ಅದೇ ಸಾಕ್ಷಿ ಎಂಬಂತೆ. “ಇದೇ ಬೆಳ್ಳಲ್ಲಿ ಒತ್ತಿದೀನಮ್ಮ.”

ಸೌಮ್ಯಶ್ರೀ ಚೀಟಿ ತೆಗೆದುಕೊಂಡಳು. “ಶುಕ್ರವಾರದೊಳಗೆ ನಿಮ್ಮ ರಿಪೋರ್ಟು ಎಲ್ಲಿ ಹೋದವು ಅಂತ ಹುಡುಕಿ, ಪಟ್ಟಿ ನಿಮ್ಮ ಕೈಗೇ ತಂದುಕೊಡ್ತೀನಿ. ನನ್ನ ಮಾತು ಮರಿಸ್ವಾಮಣ್ಣ.”

ಮಾತು ಕೊಟ್ಟದ್ದೇನೋ ಸುಲಭ. ಹುಡುಕುವುದೆಲ್ಲಿ? ಕಂಟೇನರುಗಳು ದಿನಕ್ಕೆ ನಾಲ್ಕು ಸಲ ಸತ್ತು ಹುಟ್ಟುತ್ತವೆ, ಹಳೆಯ ಲಾಗು ಒಂದೂ ಉಳಿದಿಲ್ಲ. ನಿಶಾಂತನ ಮೇಜಿನ ಮುಂದೆ ನಿಂತಳು.

“ನೀವು ಸೇರಿದಾಗಿಂದ ಹೇಳ್ತಿದೀರ, ಲಾಗ್ ಕಲೆಕ್ಟರ್ ಹಾಕ್ತೀನಿ ಅಂತ. ಯಾವಾಗ?”

“ಹಾಕ್ಬಹುದು. ಪ್ರತಿ ಸರ್ವರಿಗೂ ಒಬ್ಬ ಗುಮಾಸ್ತ. ಅಲ್ಲಿ ಯಾರು ಏನು ಬರೆದ್ರೂ ಆಗಿಂದಾಗ್ಲೇ ನಕಲು ಮಾಡಿ ಒಂದು ಕಡೆ ಕೂಡಿಡ್ತಾನೆ. ಆಮೇಲೆ ಕಂಟೇನರ್ ಸತ್ತರೂ ಮಾತು ಸಾಯಲ್ಲ.” ಅವನು ದನಿ ತಗ್ಗಿಸಿದ. “ಆದ್ರೆ ಯೋಗೇಂದ್ರ ಸರ್ ಬಿಡ್ಬೇಕಲ್ಲ? ಆಷಾಢ ಕಣ್ರೀ.”

ಮಾಲೀಕರಾದ ಯೋಗೇಂದ್ರ ಆಷಾಢದಲ್ಲಿ ಹೊಸ ಮೌಸು ಕೂಡ ಕೊಳ್ಳುತ್ತಿರಲಿಲ್ಲ.

“ಹೊಸ ಸರ್ವಿಸಾ? ಶ್ರಾವಣ ಬರ್ಲಿ ಕಣಪ್ಪ,” ಎಂದರು ಅವರು.

“ಹೊಸದಲ್ಲ ಸಾರ್, ಬರೀ ಕೇಳಿಸ್ಕೊಳ್ಳೋದು,” ಎಂದ ನಿಶಾಂತ್. “ಯಾರ ತಂಟೆಗೂ ಹೋಗಲ್ಲ.”

“ಕೇಳಿಸ್ಕೊಳ್ಳೋದಷ್ಟೇನಾ?” ಯೋಗೇಂದ್ರ ಯೋಚಿಸಿದರು. “ಸರಿ. ಆದ್ರೆ ಸರ್ವರ್ ಮೇಲೆ ಒಂದು ನಿಂಬೆಹಣ್ಣು ಇಡು.”

ಮಂಗಳವಾರ ನಿಶಾಂತ್ ನಿಂಬೆಹಣ್ಣಿಟ್ಟ. ಕೆಳಗೆ ವೀಣೆಯ ಮಕ್ಕಳು ಒಂದೇ ಸರಳೆಯನ್ನು ಹನ್ನೆರಡು ಥರ ತಪ್ಪಾಗಿ ನುಡಿಸುತ್ತಿದ್ದರೆ, ಮೇಲೆ ಇಬ್ಬರೂ ಒಂದೇ ಸ್ಕ್ರೀನಿನ ಮುಂದೆ ಕೂತರು. ಅವನ ಅಂಗಿಯ ತೋಳು ಅವಳ ತೋಳಿಗೆ ತಾಗುವುದಕ್ಕೂ ತಾಗದಿರುವುದಕ್ಕೂ ನಡುವೆ ಒಂದು ಕೂದಲೆಳೆ.

“ಸ್ಟಾರ್ಟ್ ಆಗ್ತಿಲ್ಲ,” ಎಂದ.

“ಹದಿನಾಲ್ಕನೇ ಸಾಲು. ಎರಡು ಸ್ಪೇಸ್ ಇರ್ಬೇಕಾದ ಕಡೆ ಮೂರು ಬಿಟ್ಟಿದೀರ.”

“ಒಂದು ಸ್ಪೇಸ್ ಜಾಸ್ತಿ ಬಿಟ್ಟಿದ್ದಕ್ಕೆ ಇಷ್ಟು ಕೋಪಾನಾ ಇದಕ್ಕೆ?”

“ಜಾಸ್ತಿ ದೂರ ಇಟ್ರೆ ಯಾರಿಗಾದ್ರೂ ಕೋಪ ಬರುತ್ತೆ,” ಎಂದುಬಿಟ್ಟಳು. ಹೇಳಿದ ಮೇಲೆ ಕಿವಿ ಬಿಸಿಯಾಯಿತು. ನಿಶಾಂತ್ ಸ್ಪೇಸ್ ಅಳಿಸಿದ. ಅವನ ಬಲಗಣ್ಣಿನ ಮೂಲೆ ಮಾತ್ರ ಅವಳ ಕಡೆ ಒಮ್ಮೆ ತಿರುಗಿ ಹೋಯಿತು.

ಗುಮಾಸ್ತರು ಎದ್ದರು, ಐದು ನಿಮಿಷಕ್ಕೇ ಬಿದ್ದರು. ಅವರಿಗೆ ಕೊಟ್ಟಿದ್ದ ಮೆಮೊರಿ ಸಾಲದಾಗಿತ್ತು. “ಹೊಟ್ಟೆ ಚಿಕ್ಕದು, ಮಾತು ಜಾಸ್ತಿ,” ಎಂದ ನಿಶಾಂತ್, ಮಿತಿಯನ್ನು ದುಪ್ಪಟ್ಟು ಮಾಡುತ್ತಾ. ಬಳಿಕ ಅವರಿಗೆ ಯಾವ ಸಾಲು ಯಾವ ಕಂಟೇನರಿನದೆಂದು ಕೇಳಿ ತಿಳಿಯುವ ಪರವಾನಗಿಯೇ ಇಲ್ಲವೆಂದು ಗೊತ್ತಾಯಿತು. ಅದನ್ನೂ ಕೊಟ್ಟ. ಬುಧವಾರ ಬೆಳಗ್ಗೆ ಸ್ಕ್ರೀನಿನ ಮೇಲೆ ಹಸಿರು ಮೂಡಿತು: ಬೇಕಾದದ್ದು ಎರಡು, ಓಡುತ್ತಿರುವುದು ಎರಡು.

ಎರಡಕ್ಕೆ ಎರಡು. ಇಬ್ಬರಿಗೂ ಖುಷಿ. ಮೂರು ಸರ್ವರಿಗೆ ಎರಡೇ ಯಾಕೆ ಎಂದು ಆ ಖುಷಿಯಲ್ಲಿ ಯಾರೂ ಕೇಳಲಿಲ್ಲ.

ಅದೇ ಮಧ್ಯಾಹ್ನ ಮರಿಸ್ವಾಮಿಯ ಫೋನು. “ಇನ್ನೊಂದು ಓಯ್ತು ಕಣಮ್ಮ. ಚಿಕ್ಕಮಾದಯ್ಯ ಅಂತ, ಸಕ್ಕರೆ ಕಾಯ್ಲೆಯೋರು. ಬೆಳಿಗ್ಗೆ ಅನ್ನೊಂದೂವರೆಗೆ ಒತ್ತಿದೀನಿ.” ಚೀಟಿಯಲ್ಲಿ ಹನ್ನೊಂದು ಹೆಸರಾಯಿತು.

ಈ ಸಲ ಗುಮಾಸ್ತರು ಎಚ್ಚರವಿದ್ದರು. ಗುರುವಾರ ಬೆಳಗ್ಗೆ ಇಬ್ಬರೂ ಸಾಲು ಸಾಲಾಗಿ ಓದಿದರು. ಹನ್ನೊಂದೂವರೆಗೆ ಚಿಕ್ಕಮಾದಯ್ಯನವರ ರಿಪೋರ್ಟು ಬಂದಿದೆ, ಕ್ಯೂನಲ್ಲಿ ನಿಂತಿದೆ. ಆಮೇಲೆ ಇಲ್ಲ. ಕಳಿಸುವ ಪ್ರೋಗ್ರಾಮಿನ ಲಾಗಿನಲ್ಲಿ ಅದರ ಸುಳಿವೇ ಇಲ್ಲ.

“ಮರಿಸ್ವಾಮಿ ಒತ್ತಿರೋದು ನಿಜ,” ಎಂದ ನಿಶಾಂತ್. “ಮಧ್ಯದಲ್ಲಿ ಯಾರೋ ಎತ್ಕೊಂಡು ಹೋಗಿದಾರೆ. ಹಳೇ ಹತ್ತಕ್ಕೂ ಹೀಗೇ ಆಗಿರ್ಬೇಕು. ಆದ್ರೆ ಅವುಗಳ ಲಾಗ್ ಎಲ್ಲಿಂದ ತರೋಣ?”

ಸೌಮ್ಯಶ್ರೀಗೆ ಥಟ್ಟನೆ ನೆನಪಾಯಿತು. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ, ಅಗ್ರಹಾರದ ಲ್ಯಾಬಿನದೇ ಒಂದು ತೊಡಕು ಬಿಡಿಸಲು, ತನ್ನ ಟೆಸ್ಟಿನ ನಕಲನ್ನು ಆ ಲ್ಯಾಬಿನ ನಿಜವಾದ ಕ್ಯೂಗೆ ಜೋಡಿಸಿದ್ದಳು. ಹತ್ತು ನಿಮಿಷಕ್ಕೆ ಅಂತ. ಅಷ್ಟರಲ್ಲಿ ನಿಶಾಂತ್ ಬಂದು, “ಕೆಳಗೆ ಬಿಸಿ ಮದ್ದೂರು ವಡೆ ಬಂದಿದೆ, ಬರ್ತೀರಾ?” ಎಂದು ಕರೆದಿದ್ದ. ಹೋಗಿದ್ದಳು. ವಡೆ ತಿಂದಿದ್ದು ನೆನಪಿತ್ತು, ಅವನ ಮೀಸೆಗೆ ಅಂಟಿದ ಚೂರು ನೆನಪಿತ್ತು. ಕ್ಯೂ ಬಿಡಿಸಿದ್ದು ನೆನಪಿರಲಿಲ್ಲ.

ಊಟಕ್ಕೆ ಎಲ್ಲರೂ ಎದ್ದ ಮೇಲೆ ಅವಳು ಮೂರನೇ ಸರ್ವರಿನ ಆ ಲಾಗು ತೆರೆದಳು. ಅಲ್ಲಿತ್ತು. ‘ಅವರ ಕೀಬೋರ್ಡಿನ ಸದ್ದು ನಿಂತರೆ ನನ್ನ ಕೈಯೂ ನಿಲ್ಲುತ್ತದೆ’ ಎಂಬ ಸಾಲಿನ ಕೆಳಗೇ: ಚಿಕ್ಕಮಾದಯ್ಯ, ಎತ್ತಲಾಗಿದೆ, ಕಳಿಸಿದಂತೆ ಗುರುತಿಸಲಾಗಿದೆ. ಮೂರು ವಾರದಿಂದ ಆ ಸೋಮಾರಿ ನಕಲು, ನಿಜವಾದ ಪ್ರೋಗ್ರಾಂ ಕಣ್ಣು ಮಿಟುಕಿಸಿದಾಗಲೆಲ್ಲ, ಒಂದೊಂದು ರಿಪೋರ್ಟನ್ನು ಎತ್ತಿ ಮಡಿಲಿಗೆ ಹಾಕಿಕೊಂಡಿತ್ತು. ಹನ್ನೊಂದು ಹೆಸರೂ ಗಂಟೆ ನಿಮಿಷದ ಸಮೇತ ಅಲ್ಲಿದ್ದವು, ಅವಳ ಪಿಸುಮಾತುಗಳ ನಡುವೆ, ಹೂವಿನ ಜೊತೆ ಸೇರಿ ಕಟ್ಟಿದ ದವನದಂತೆ.

ಒಂದು ಆಜ್ಞೆ ಕೊಟ್ಟರೆ ಆ ಕಂಟೇನರ್ ಮಾಯ. ನಾಳೆಯಿಂದ ರಿಪೋರ್ಟು ಕಳೆಯುವುದಿಲ್ಲ. ಅವಳ ಗುಟ್ಟೂ ಉಳಿಯುತ್ತದೆ. ಮರಿಸ್ವಾಮಿಯ ಹತ್ತು ಹೆಸರಿನ ಸಾಕ್ಷಿ ಮಾತ್ರ ಉಳಿಯುವುದಿಲ್ಲ.

ಬೇಕಾದ ಸಾಲುಗಳನ್ನಷ್ಟೇ ತಾನೇ ಕೈಯಾರೆ ಬರೆದು ಕೊಟ್ಟರೆ? ತಪ್ಪು ಮಾಡಿದವಳೇ ಬರೆದುಕೊಟ್ಟ ಸಾಕ್ಷಿಯನ್ನು ಆ ಓನರ್ ಯಾಕೆ ನಂಬಿಯಾನು? ಬೆರಳು ಕೀಲಿಯ ಮೇಲೆ ನಿಂತೇ ಇತ್ತು. ನಿಶಾಂತ್ ಟಿಫಿನ್ ಡಬ್ಬಿ ಒರೆಸುತ್ತಾ ಒಳಗೆ ಬಂದ. ಅವಳು ನಕಲನ್ನು ಕ್ಯೂನಿಂದ ಬಿಡಿಸಿ ಪರದೆ ಮುಚ್ಚಿದಳು.

“ಯಾಕ್ರೀ, ದೆವ್ವ ನೋಡಿದ ಹಾಗಿದೀರ?”

“ಅಜ್ಜಿ ಮೊದಲೇ ಹೇಳಿದ್ಲು,” ಎಂದಳು ಸೌಮ್ಯಶ್ರೀ.

ಸಂಜೆ ಜಗಲಿಯ ಮೇಲೆ ಅಜ್ಜಿಗೆ ಕಥೆ ಮುಂದುವರಿಸಿದಳು. “ಆ ಊರಲ್ಲಿ ಒಬ್ಬಳು ಹುಡುಗಿ ಒಂದು ಪೆಟ್ಟಿಗೇಲಿ ತನ್ನ ಗುಟ್ಟು ಇಟ್ಟಿದ್ಲಂತೆ. ಒಂದಿನ ನೋಡಿದ್ರೆ ಒಬ್ಬ ಸಾಧು ಮನುಷ್ಯನ ಕಳೆದುಹೋದ ಸಾಮಾನೂ ಅದೇ ಪೆಟ್ಟಿಗೇಲಿ. ಪೆಟ್ಟಿಗೆ ಸುಟ್ರೆ ಇವಳ ಗುಟ್ಟು ಉಳಿಯುತ್ತೆ, ಅವನ ಮರ್ಯಾದೆ ಹೋಗುತ್ತೆ.”

“ತಗುದ್ರೆ?”

“ಇವಳಿಗೆ ನಾಚಿಕೆ ಆಗುತ್ತೆ.”

“ನಾಚ್ಕೆ ಎಷ್ಟೊತ್ತಿದ್ದದು?” ಅಜ್ಜಿ ಎಲೆ ಅಡಿಕೆ ಬಾಯಿಗಿಟ್ಟಳು. “ನಿಮ್ ತಾತ ನನ್ನ ನೋಡಕ್ ಬಂದಾಗ ಎಮ್ಮೆ ಕೊಟ್ಗೇಲಿ ಅವಿತ್ಕೊಂಡಿದ್ದೆ. ಒಂದ್ ಗಂಟೆ. ಆಮೇಲೆ ಸೊಳ್ಳೆ ಕಚ್ತು, ಎದ್ ಬಂದೆ. ಅಷ್ಟೇಯ.” ಸ್ವಲ್ಪ ಹೊತ್ತು ಅಗಿದು ಕೇಳಿದಳು, “ಆ ಉಡುಗನ ಎಸ್ರೇನು?”

“ಯಾವ ಹುಡುಗ?”

“ಗುಟ್ಟು ಅಂದ್ಯಲ್ಲ. ಸೊಪ್ಪಿನ ಗುಟ್ಟಾ ಅದು?”

ಸೌಮ್ಯಶ್ರೀ ಎದ್ದು ಒಳಗೆ ಓಡಿದಳು.

ಆಷಾಢ ಶುಕ್ರವಾರ, ಬೆಳಗ್ಗೆಯೇ ಊರಿಗೆ ಊರೇ ದೇವಿಯ ದರ್ಶನಕ್ಕೆ ಬೆಟ್ಟದ ಕಡೆ ಹೊರಟಿತ್ತು. ಬಸ್ಸುಗಳ ಕಿಟಕಿ ತುಂಬ ಹೂ ಮುಡಿದ ತಲೆಗಳು. ಸೌಮ್ಯಶ್ರೀ ಮಾತ್ರ ಎದುರು ದಿಕ್ಕಿಗೆ ಸ್ಕೂಟಿ ಓಡಿಸಿ, ಆಫೀಸಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, ನಿಶಾಂತನ ಮೇಜಿನ ಮುಂದೆ ನಿಂತಳು. ನಿಂತ ಕೂಡಲೇ ಹೇಳದಿದ್ದರೆ ಇನ್ನು ಹೇಳಲಾರೆ ಎಂದು ಅವಳಿಗೆ ಗೊತ್ತಿತ್ತು.

“ಮೂರನೇ ಸರ್ವರಿಗೂ ಗುಮಾಸ್ತನ್ನ ಕಳಿಸಿ.”

“ಅಲ್ಲಿಗೆ ಬೇಲಿ ಇದೆಯಲ್ಲ? ಅದಕ್ಕೇ ಅವನು...” ನಿಶಾಂತ್ ಹಣೆ ಚಚ್ಚಿಕೊಂಡ. “ಅಯ್ಯೋ, ಎರಡಕ್ಕೆ ಎರಡು! ನಾನೇ ಹಾಕಿದ ಬೇಲಿ, ನಾನೇ ಮರೆತೆ.”

“ಕಳ್ಳಿ ಅಲ್ಲೇ ಇದಾಳೆ. ಆ ಕಳ್ಳಿ ನಂದೇ.” ಅವಳು ಮಣ್ಣೆತ್ತಿನ ಅಮಾವಾಸ್ಯೆಯ ಕಥೆ ಹೇಳಿದಳು. ವಡೆಯನ್ನು ಹೇಳಿದಳು, ಮೀಸೆಯನ್ನು ಬಿಟ್ಟಳು.

ನಿಶಾಂತ್ ಬೈಯಲಿಲ್ಲ. ಕುರ್ಚಿ ಎಳೆದುಕೊಟ್ಟ. ಬೇಲಿ ಇದ್ದರೂ ಒಳಗೆ ಹೋಗುವ ಅನುಮತಿಯನ್ನು ಗುಮಾಸ್ತನ ಸೆಟ್ಟಿಂಗಿನಲ್ಲಿ ನಾಲ್ಕು ಸಾಲಾಗಿ ಬರೆದ. ಆಮೇಲೆ ಕೈ ತಡೆದ.

“ಒಂದು ಕೇಳ್ಬೇಕು. ಇವನು ಆ ಫೈಲನ್ನ ಇವತ್ತಿಂದ ಓದ್ಲಾ, ಮೊದಲಿಂದ ಓದ್ಲಾ?”

ಕೆಳಗೆ ವೀಣೆ ನಿಂತಿತ್ತು. ಯಾರೋ ತಂತಿ ಬಿಗಿಯುತ್ತಿದ್ದರು.

“ಮೊದಲಿಂದ,” ಎಂದಳು ಸೌಮ್ಯಶ್ರೀ. “ಅದರಲ್ಲಿ ರಿಪೋರ್ಟು ಮಾತ್ರ ಇಲ್ಲ. ಬೇರೆದೂ ಇದೆ. ನಗಬೇಡಿ.”

ಬೇಕಾದದ್ದು ಮೂರು, ಓಡುತ್ತಿರುವುದು ಮೂರು. ಪರದೆಯ ಮೇಲೆ ಸಾಲುಗಳು ಇಳಿಯತೊಡಗಿದವು. ‘ಹಲೋ.’ ಗಡ್ಡದ ಸಾಲು. ನೀಲಿ ಅಂಗಿಯ ಸಾಲು. ‘ಅವರು ಯಾರ ಜೊತೆಗೋ ಫೋನಿನಲ್ಲಿ ನಗುತ್ತಿದ್ದಾರೆ. ಅಮ್ಮನಿರಲಿ ದೇವರೇ.’ ಅದರ ಕೆಳಗೆ ಒಂದು ಹೆಸರು, ಒಂದು ಗಂಟೆ. ಮತ್ತೆ ಒಂದು ಪಿಸುಮಾತು. ನಿಶಾಂತ್ ಓದುತ್ತಿದ್ದ. ನಗುತ್ತಿರಲಿಲ್ಲ. ಅವನ ಕಿವಿಯ ತುದಿ ಕೆಂಪಾಗುತ್ತಾ ಹೋದದ್ದನ್ನು ಅವಳು ನೋಡಲಿಲ್ಲ, ಯಾಕೆಂದರೆ ಅವಳು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

“ಹನ್ನೊಂದೂ ಸಿಕ್ಕಿವೆ,” ಎಂದ ಕೊನೆಗೆ. ದನಿ ಸ್ವಲ್ಪ ಒರಟಾಗಿತ್ತು. “ಮೊದಲು ಎಲ್ಲರಿಗೂ ರಿಪೋರ್ಟು ಕಳಿಸೋಣ. ಪಟ್ಟಿ ಪ್ರಿಂಟ್ ತೆಗೀತೀನಿ. ನೀವು ಸರ್‌ಗೆ ಹೇಳಿ ಬನ್ನಿ.”

ಅಷ್ಟೇನಾ? ಸೌಮ್ಯಶ್ರೀ ಎದ್ದಳು.

ಯೋಗೇಂದ್ರ ಎಲ್ಲವನ್ನೂ ಕೇಳಿ, ಹತ್ತು ನಿಮಿಷ ಬೈದು, ನೀರು ಕುಡಿದರು. “ತಪ್ಪು ನಿಂದು ಅಂತ ನೀನೇ ಬಂದು ಹೇಳಿದ್ಯಲ್ಲ, ಅದಕ್ಕೆ ಇಷ್ಟಕ್ಕೇ ಬಿಡ್ತಿದೀನಿ. ಲ್ಯಾಬ್ ಓನರ್‌ಗೆ ನಾನೇ ಫೋನ್ ಮಾಡ್ತೀನಿ. ಆದ್ರೆ ಆ ನಿಶಾಂತನ್ನ ಬಿಡಲ್ಲ. ಆ ಮೂರನೇ ಸರ್ವರ್ ನಿಲ್ಸು ಅಂತ ಮೂರು ಸಲ ಹೇಳ್ದೆ ಕಣಮ್ಮ ಅವನಿಗೆ. ಮೂರು ಸಲವೂ ಒಂದೇ ಮಾತು. ‘ಅದು ಸೌಮ್ಯಶ್ರೀ ಅವ್ರದು ಸಾರ್.’ ಏನು, ನಿಮ್ಮ ತಾತನ ಆಸ್ತೀನಾ ಅದು?”

ಅವಳು ಹೊರಗೆ ಬಂದಾಗ ನಿಶಾಂತ್ ಮಡಚಿದ ಕಾಗದವನ್ನು ಕೈಗಿಟ್ಟ. “ಸ್ಟಾಂಪ್ ಹಾಕಿದೀನಿ. ತಡ ಮಾಡ್ಬೇಡಿ, ಹೊರಡೋಣ.”

ಅವನ ಬೈಕು ಮುಂದೆ, ಅವಳ ಸ್ಕೂಟಿ ಹಿಂದೆ. ಅಗ್ರಹಾರದ ಬೀದಿ ಕಿರಿದಾದಂತೆ ಅವನು ನಿಧಾನವಾದ. ಪ್ರತಿ ತಿರುವಿನಲ್ಲೂ ಕನ್ನಡಿಯಲ್ಲಿ ಅವಳಿದ್ದಾಳೋ ನೋಡಿದ. ಆದರೆ ಒಂದು ಮಾತೂ ಇಲ್ಲ. ಓದಿದ, ಪ್ರಿಂಟ್ ತೆಗೆದ, ಮುಗಿಯಿತು. ಸೊಳ್ಳೆಯಾದರೂ ಕಚ್ಚಬಾರದಿತ್ತೇ ಎಂದುಕೊಂಡಳು ಸೌಮ್ಯಶ್ರೀ.

ಮರಿಸ್ವಾಮಿ ಲ್ಯಾಬಿನ ಬಾಗಿಲಲ್ಲೇ ನಿಂತಿದ್ದ. “ಎಲ್ರ ಮೊಬೈಲ್ಗೂ ಬಂತಂತೆ ಕಣಮ್ಮ! ಚಿಕ್ಕಮಾದಯ್ಯನೋರೇ ಫೋನ್ ಮಾಡಿದ್ರು.” ಕನ್ನಡಕ ಹಾಕಿಕೊಂಡು ಕಾಗದ ಬಿಡಿಸಿದ. ಅದೇ ತೋರುಬೆರಳನ್ನು ಒಂದೊಂದು ಸಾಲಿನ ಮೇಲಿಟ್ಟು ಗಟ್ಟಿಯಾಗಿ ಓದಿದ. ಹೆಸರು, ತಾರೀಕು, ತಾನು ಒತ್ತಿದ ಗಂಟೆ. ಎಂಟು. ಒಂಬತ್ತು. ಹತ್ತು. ಹನ್ನೊಂದು. ಅವನ ಕಣ್ಣು ತುಂಬಿತು. ಬೆರಳು ಮಾತ್ರ ನಿಲ್ಲದೆ ಇನ್ನೊಂದು ಸಾಲು ಕೆಳಗಿಳಿಯಿತು.

“‘ಎಲ್ಲವನ್ನೂ ಓದಿದೆ. ಮೊದಲಿಂದ. ಬೇಲಿ ಹಾಕಿದ ದಿನದಿಂದ ನನಗೂ ಹೀಗೇ ಆಗುತ್ತಿದೆ. ನಿಶಾಂತ್.’” ಮರಿಸ್ವಾಮಿ ಕನ್ನಡಕದ ಮೇಲಿನಿಂದ ನೋಡಿದ. “ಇದ್ಯಾವ ಪೇಷೆಂಟಮ್ಮ?”

ನಿಶಾಂತ್ ಎದುರಿನ ಅಂಗಡಿಯ ಬೋರ್ಡನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ. ಬೋರ್ಡಿನಲ್ಲಿ ಇದ್ದದ್ದು ಮೂರೇ ಅಕ್ಷರ.

“ನೀವು ಒಳಗೆ ಸರ್ ಜೊತೆ ಮಾತಾಡ್ತಿದ್ರಲ್ಲ,” ಎಂದ, ತಿರುಗದೆ. “ಆಗ ನಾನೂ ಆ ಕಂಟೇನರಿಗೆ ಒಂದು ಸಾಲು ಬರೆದೆ. ಗುಮಾಸ್ತ ಎತ್ಕೊಂಡ. ಪ್ರಿಂಟಿನಲ್ಲಿ ತೆಗೀಬೇಕೂಂತಿದ್ದೆ. ತೆಗೀಲಿಲ್ಲ.”

“ಬಾಯಲ್ಲಿ ಹೇಳಕ್ಕಾಗಲ್ವಾ ನಿಮಗೆ?”

“ನೀವು ಹೇಳಿದ್ರಾ?”

ಸೌಮ್ಯಶ್ರೀಗೆ ನಗು ಬಂತು, ಜೊತೆಗೆ ಅಳುವೂ. ಎರಡೂ ಒಂದೇ ಬಾಗಿಲಿಗೆ ಬಂದು ನೂಕಾಡಿದವು. ಅವಳು ಅವನ ಅಂಗಿಯ ತೋಳು ಹಿಡಿದು ಎಳೆದಳು. ಈ ಸಲ ನಡುವೆ ಕೂದಲೆಳೆಯೂ ಇರಲಿಲ್ಲ.

ಮರಿಸ್ವಾಮಿ ಇಬ್ಬರನ್ನೂ ನೋಡಿದ. ಕಾಗದವನ್ನು ಹನ್ನೊಂದನೇ ಸಾಲಿನ ಕೆಳಗೆ ನೀಟಾಗಿ ಮಡಚಿ, ಉಗುರಿನಿಂದ ಗೀರಿ, ಹರಿದ. ಕೆಳಗಿನ ಚಿಕ್ಕ ಪಟ್ಟಿಯನ್ನು ಸೌಮ್ಯಶ್ರೀಯ ಕೈಗೆ ಕೊಟ್ಟ.

“ಇದು ನಮ್ ಲ್ಯಾಬಿಂದಲ್ಲ ಕಣವ್ವ, ನೀನೇ ಮಡೀಕೊ,” ಎಂದು, ಉಳಿದ ಹನ್ನೊಂದು ಹೆಸರನ್ನು ಎದೆಗೆತ್ತರಕ್ಕೆ ಹಿಡಿದು, ಓನರ್‌ನ ಕೋಣೆಯ ಬಾಗಿಲನ್ನು ತಟ್ಟದೆಯೇ ತಳ್ಳಿಕೊಂಡು ಒಳಗೆ ಹೋದ.